ಬಿರಾ 91: ಬೆಲ್ಜಿಯಂನಿಂದ ಬಂದ ಬಿಯರ್ ಬೆಳೆದಿದ್ದು ಹೇಗೆ, ಹೆಸರಿನಲ್ಲಿ ಒಂದು ಪದ ಕಳೆದಿದ್ದಕ್ಕೆ ಎಡವಿದ್ದು ಯಾಕೆ?

ಹತ್ತು ವರ್ಷದ ಹಿಂದೆ ಭಾರತದಲ್ಲಿ ಬಿಯರ್ ಎಂದರೆ ಆಯ್ಕೆ ಎರಡೇ ಇತ್ತು: ಮೈಲ್ಡ್ ಅಥವಾ ಸ್ಟ್ರಾಂಗ್. ಬ್ರ್ಯಾಂಡ್ ಯಾವುದಾದರೂ ರುಚಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುತ್ತಿರಲಿಲ್ಲ. ಇಂಥ ಮಾರುಕಟ್ಟೆಗೆ 2015ರಲ್ಲಿ ಮಂಗನ ಚಿತ್ರದ ಲೇಬಲ್ ಹೊತ್ತು ಬಂದಿದ್ದು ‘ಬಿರಾ 91’. ದೆಹಲಿ, ಮುಂಬೈ, ಬೆಂಗಳೂರು, ಪುಣೆಯ ಯುವಜನರು ಗೋಧಿಯಿಂದ ಮಾಡಿದ ಮಬ್ಬು ಬಣ್ಣದ ಬಿಯರ್ ಅನ್ನು ಕೇಳಿ ತರಿಸಿಕೊಳ್ಳುವಂತೆ ಮಾಡಿದ ಕೀರ್ತಿ ಈ ಕಂಪನಿಯದ್ದು. ಆದರೆ ಅದೇ ಕಂಪನಿ 2024ರ ಹೊತ್ತಿಗೆ ನೂರಾರು ಕೋಟಿ ರೂಪಾಯಿ ನಷ್ಟದ ಸುದ್ದಿಯಾಯಿತು. ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು, ಕಂಪನಿಯ ಹೆಸರಿನಿಂದ ‘ಪ್ರೈವೇಟ್’ ಎಂಬ ಒಂದೇ ಒಂದು ಪದ ಹೋಗಿದ್ದು!

ಏನಿದು ಕಥೆ? ಬಿರಾ ಬಿಯರ್‌ಗಳ ರುಚಿ ಹೇಗಿದೆ? ಒಂದು ಪದಕ್ಕೆ ಇಷ್ಟು ಬೆಲೆ ಯಾಕೆ? ಇಲ್ಲಿದೆ ವಿವರ.

ಶುರುವಾಗಿದ್ದು ಹೀಗೆ

ಬಿರಾ ಹಿಂದಿರುವ ಕಂಪನಿಯ ಹೆಸರು ಬಿ9 ಬೆವರೇಜಸ್. ಸ್ಥಾಪಕ ಅಂಕುರ್ ಜೈನ್. ಅಮೆರಿಕದಲ್ಲಿ ಓದಿ, ಕೆಲಸ ಮಾಡಿ ಭಾರತಕ್ಕೆ ಮರಳಿದ ಅವರು ಮೊದಲು ಮಾಡಿದ್ದು ವಿದೇಶಿ ಬಿಯರ್‌ಗಳನ್ನು ಆಮದು ಮಾಡಿಕೊಂಡು ಮಾರುವ ವ್ಯವಹಾರ. ರುಚಿ ಬೇರೆಯಿರುವ ಬಿಯರ್‌ಗೆ ಇಲ್ಲಿ ಗಿರಾಕಿಗಳಿದ್ದಾರೆ, ಆದರೆ ಆಮದು ಬಿಯರ್‌ನ ಬೆಲೆ ಅವರ ಕೈಗೆಟುಕುತ್ತಿಲ್ಲ ಎಂಬುದು ಆ ವ್ಯವಹಾರದಲ್ಲೇ ಅವರಿಗೆ ಮನವರಿಕೆಯಾಗಿತ್ತು.

2015ರಲ್ಲಿ ಬಿರಾ ವೈಟ್ ಮತ್ತು ಬಿರಾ ಬ್ಲಾಂಡ್ ಎಂಬ ಎರಡು ಬಿಯರ್‌ಗಳು ಮಾರುಕಟ್ಟೆಗೆ ಬಂದವು. ಸ್ವಂತ ಘಟಕ ಇರಲಿಲ್ಲ. ಹಾಗಾಗಿ ಬೆಲ್ಜಿಯಂನ ಬ್ರೂವರಿಯೊಂದರಲ್ಲಿ ತಯಾರಿಸಿ ಹಡಗಿನಲ್ಲಿ ತರಿಸಲಾಗುತ್ತಿತ್ತು. ಹೆಸರಿನಲ್ಲಿರುವ 91 ಭಾರತದ ದೂರವಾಣಿ ಕೋಡ್. ಇಂಗ್ಲಿಷ್‌ನಲ್ಲಿ ಬರೆದ ಹೆಸರಿನ ಮೊದಲ ಅಕ್ಷರವನ್ನು ಉಲ್ಟಾ ಹಾಕಿದ್ದು ಮತ್ತು ಕಿಡಿಗೇಡಿ ಮಂಗನ ಚಿತ್ರ ಬೇಗನೆ ಜನರ ಕಣ್ಣಿಗೆ ಬಿದ್ದವು.

ಬೇಡಿಕೆ ಎಷ್ಟಿತ್ತೆಂದರೆ ಬೆಲ್ಜಿಯಂನಿಂದ ಬರುತ್ತಿದ್ದ ಸರಕು ಸಾಲುತ್ತಿರಲಿಲ್ಲ. 2016ರಲ್ಲಿ ಮಧ್ಯಪ್ರದೇಶದ ಇಂದೋರ್‌ನಲ್ಲಿ ತಯಾರಿಕೆ ಶುರುವಾಯಿತು. ಆಮೇಲೆ ನಾಗ್ಪುರ ಸೇರಿದಂತೆ ಬೇರೆ ಕಡೆಗಳಿಗೂ ವಿಸ್ತರಿಸಿತು.

ಹಣ ಬಂದ ದಾರಿ

ಬಿಯರ್ ಉದ್ಯಮಕ್ಕೆ ಬಂಡವಾಳ ಬಹಳ ಬೇಕು. ಬ್ರೂವರಿ ಕಟ್ಟಬೇಕು, ಪ್ರತಿ ರಾಜ್ಯದಲ್ಲೂ ಪರವಾನಗಿ ಶುಲ್ಕ ಕಟ್ಟಬೇಕು, ಮಾಲು ಮಾರಾಟವಾಗುವ ಮುನ್ನವೇ ತೆರಿಗೆ ತುಂಬಬೇಕು. ಬಿರಾ ಇದಕ್ಕೆ ಸ್ಟಾರ್ಟಪ್‌ಗಳ ದಾರಿಯನ್ನೇ ಹಿಡಿಯಿತು.

* 2016: ಸಿಕ್ವೊಯಾ ಕ್ಯಾಪಿಟಲ್‌ನಿಂದ ಹೂಡಿಕೆ. ಇದೇ ಸಂಸ್ಥೆಯ ಭಾರತೀಯ ವಿಭಾಗದ ಈಗಿನ ಹೆಸರು ಪೀಕ್ 15.
* 2018: ಬೆಲ್ಜಿಯಂನ ಸೋಫಿನಾ ನೇತೃತ್ವದಲ್ಲಿ 5 ಕೋಟಿ ಡಾಲರ್. ಅದೇ ವರ್ಷ ಐಸಿಸಿ ಜತೆ ಐದು ವರ್ಷಗಳ ಪ್ರಾಯೋಜಕತ್ವದ ಒಪ್ಪಂದ.
* 2021: ಜಪಾನ್‌ನ ಬಿಯರ್ ದೈತ್ಯ ಕಿರಿನ್‌ನಿಂದ 3 ಕೋಟಿ ಡಾಲರ್.
* 2022: ಕಿರಿನ್ ನೇತೃತ್ವದಲ್ಲೇ ಮತ್ತೆ 7 ಕೋಟಿ ಡಾಲರ್. ‘ದಿ ಬಿಯರ್ ಕೆಫೆ’ ಪಬ್ ಸರಣಿಯ ಖರೀದಿ.

2022–23ರ ಆರ್ಥಿಕ ವರ್ಷದಲ್ಲಿ ಕಂಪನಿಯ ಆದಾಯ 824 ಕೋಟಿ ರೂ. ಮುಟ್ಟಿತ್ತು. ಆದರೆ ಅದೇ ವರ್ಷದ ನಷ್ಟ 445 ಕೋಟಿ ರೂ. ಅಂದರೆ ಬೆಳವಣಿಗೆ ಜೋರಾಗಿದ್ದರೂ ಅದು ನಿಂತಿದ್ದು ಹೂಡಿಕೆದಾರರ ಹಣದ ಮೇಲೆ. ಈ ಅಂಶ ಮುಂದೆ ಮುಖ್ಯವಾಗುತ್ತದೆ.

ರುಚಿ ಹೇಗೆ?

ಬಿರಾ ಹೆಸರು ಮಾಡಿದ್ದು ಜಾಹೀರಾತಿನಿಂದ ಮಾತ್ರವಲ್ಲ. ಅದರ ಮುಖ್ಯ ಬಿಯರ್‌ಗಳ ರುಚಿಯ ಪರಿಚಯ ಇಲ್ಲಿದೆ.

ಬಿರಾ ವೈಟ್: ಕಂಪನಿಯ ಗುರುತೇ ಇದು. ಬಾರ್ಲಿ ಜತೆ ಗೋಧಿ ಬಳಸಿದ, ಬೆಲ್ಜಿಯಂ ಶೈಲಿಯ ಗೋಧಿ ಬಿಯರ್. ಗ್ಲಾಸಿಗೆ ಸುರಿದರೆ ತಿಳಿಯಾಗಿರುವುದಿಲ್ಲ, ತೆಳು ಮಂಜು ಕವಿದ ಹಾಗೆ ಮಬ್ಬಾಗಿರುತ್ತದೆ. ಇದು ದೋಷವಲ್ಲ. ಗೋಧಿಯ ಪ್ರೋಟೀನ್‌ನಿಂದ ಈ ಶೈಲಿಯ ಬಿಯರ್‌ಗಳು ಇರುವುದೇ ಹೀಗೆ. ಮೂಗಿಗೆ ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜದ ಪರಿಮಳ. ಕಹಿ ತೀರಾ ಕಡಿಮೆ, ಕೊನೆಯಲ್ಲಿ ಮೃದು. ‘ಬಿಯರ್ ಕಹಿ, ನನಗೆ ಬೇಡ’ ಎನ್ನುತ್ತಿದ್ದ ದೊಡ್ಡ ವರ್ಗವನ್ನು ಬಿರಾ ಗೆದ್ದಿದ್ದು ಇದರಿಂದಲೇ. ಖಾರದ ತಿಂಡಿಗೆ ಒಳ್ಳೆಯ ಜೋಡಿ. ತೀರಾ ತಣ್ಣಗೆ ಕುಡಿದರೆ ಪರಿಮಳ ಗೊತ್ತಾಗುವುದಿಲ್ಲ.

ಬಿರಾ ಬ್ಲಾಂಡ್: ಲಾಗರ್ ವರ್ಗದ್ದು. ನೋಡಲು ಹೊಳೆಯುವ ತಿಳಿ ಬಂಗಾರ. ಸಾಮಾನ್ಯ ಲಾಗರ್‌ಗಿಂತ ಹಾಪ್ಸ್ (ಬಿಯರ್‌ಗೆ ಕಹಿ ಮತ್ತು ಪರಿಮಳ ಕೊಡುವ ಬಳ್ಳಿಯ ಹೂವು) ಹೆಚ್ಚು. ಬ್ರೆಡ್ಡಿನಂಥ ಮಾಲ್ಟ್ ರುಚಿಯ ಹಿಂದೆಯೇ ಹುಲ್ಲು, ಹೂವಿನ ವಾಸನೆ, ಶುಚಿಯಾದ ಕಹಿ. ವೈಟ್‌ನಷ್ಟು ಜನಪ್ರಿಯವಾಗದಿದ್ದರೂ ಬಿಯರ್‌ನಲ್ಲಿ ಕಹಿ ಇರಲೇಬೇಕು ಎನ್ನುವವರಿಗೆ ಇದೇ ಹೆಚ್ಚು ಇಷ್ಟವಾಗುತ್ತದೆ.

ಬಿರಾ ಲೈಟ್: ಆಲ್ಕೋಹಾಲ್ ಪ್ರಮಾಣ ಶೇ 4. ಕ್ಯಾಲೊರಿ ಕಡಿಮೆ ಎಂಬುದೇ ಇದರ ಮಾರಾಟದ ಮಾತು. ರುಚಿಯೂ ಅಷ್ಟೇ ಹಗುರ. ಬೇಸಿಗೆಯ ಮಧ್ಯಾಹ್ನಕ್ಕೆ ಸರಿ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ಬಿರಾ ಸ್ಟ್ರಾಂಗ್: ಆಲ್ಕೋಹಾಲ್ ಶೇ 7. ಭಾರತದಲ್ಲಿ ಮಾರಾಟವಾಗುವ ಬಿಯರ್‌ನಲ್ಲಿ ಬಹುಪಾಲು ಸ್ಟ್ರಾಂಗ್ ವರ್ಗದ್ದೇ. ಹಾಗಾಗಿ ಇದನ್ನು ತರದೆ ಬಿರಾಗೆ ವಿಧಿ ಇರಲಿಲ್ಲ. ಗೋಧಿ ಬಿಯರ್‌ನ ರೂಪದಲ್ಲೇ ಸ್ಟ್ರಾಂಗ್ ಮಾಡಿದ್ದು ಇದರ ವಿಶೇಷ. ಜೇನು, ಕ್ಯಾರಮೆಲ್‌ನ ಸಿಹಿ ಇದೆ. ಎರಡನೇ ಗ್ಲಾಸಿಗೆ ಆ ಸಿಹಿಯೇ ಭಾರ ಎನಿಸಬಹುದು.

ಇಂಡಿಯನ್ ಪೇಲ್ ಏಲ್: ಐಪಿಎ ಎಂದರೆ ಕಟು ಕಹಿ ಎಂಬ ಭಯ ಇದ್ದವರಿಗಾಗಿ ಮಾಡಿದ ಹಾಗಿದೆ. ಇದರಲ್ಲಿ ಚಕ್ಕೋತದ ರುಚಿ ಮುಂದಿದೆ. ದೇವನಹಳ್ಳಿ ಚಕ್ಕೋತ ತಿಂದು ಬೆಳೆದವರಿಗೆ ಆ ಸಿಹಿ ಬೆರೆತ ಒಗರು ಥಟ್ಟನೆ ಪತ್ತೆಯಾಗುತ್ತದೆ.

ಕೋಕಂ ಸೋರ್: ಭಾರತೀಯ ರುಚಿಗಳ ಸೀಮಿತ ಆವೃತ್ತಿಯ ಸರಣಿಯಲ್ಲಿ ಮ್ಯಾಂಗೊ ಲಸ್ಸಿ, ಬ್ರೌನ್ ಏಲ್ ಜತೆ ಬಂದ ಬಿಯರ್. ಕೋಕಂ ಎಂದರೆ ಕರಾವಳಿಯವರ ಪುನರ್ಪುಳಿ, ಮಲೆನಾಡಿನವರ ಮುರುಗಲು. ಶರಬತ್ತಿನ ಹುಳಿ ಮತ್ತು ಸೋಲ್‌ಕಡಿಯ ಬಣ್ಣ ಬಲ್ಲ ಮುಂಬೈ ಕನ್ನಡಿಗರಿಗೆ ಹುಳಿ ಬಿಯರ್ ಎಂಬ ವಿದೇಶಿ ಶೈಲಿಯನ್ನು ಪರಿಚಯಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಇದು ನಿಜವಾಗಿ ಕ್ರಾಫ್ಟ್ ಬಿಯರೇ?

ಬಿಯರ್ ಪ್ರಿಯರಲ್ಲಿ ಈ ಚರ್ಚೆ ಮೊದಲಿನಿಂದಲೂ ಇದೆ. ಅಮೆರಿಕದಲ್ಲಿ ಕ್ರಾಫ್ಟ್ ಬ್ರೂವರಿ ಎನಿಸಿಕೊಳ್ಳಲು ಉತ್ಪಾದನೆಯ ಮಿತಿ ಮತ್ತು ಮಾಲೀಕತ್ವದ ಬಗ್ಗೆ ಬ್ರೂವರ್‌ಗಳ ಸಂಘವೇ ಮಾನದಂಡ ಇಟ್ಟಿದೆ. ಅಲ್ಲಿ ದೊಡ್ಡ ಮದ್ಯ ಕಂಪನಿಯ ಪಾಲು ಶೇ 25ಕ್ಕಿಂತ ಕಡಿಮೆ ಇರಬೇಕು. ಭಾರತದಲ್ಲಿ ಇಂಥ ವ್ಯಾಖ್ಯಾನ ಕಾನೂನಿನಲ್ಲಿಲ್ಲ.

ಬೆಂಗಳೂರು, ಪುಣೆ, ಹೈದರಾಬಾದ್‌ನ ಮೈಕ್ರೋಬ್ರೂವರಿಗಳು ತಾವಿರುವ ಜಾಗದಲ್ಲೇ ಬಿಯರ್ ತಯಾರಿಸಿ, ಹೆಚ್ಚಾಗಿ ಅಲ್ಲೇ ಗ್ರಾಹಕರಿಗೆ ತಾಜಾ ಬಡಿಸುತ್ತವೆ. ಬಿರಾ ಹಾಗಲ್ಲ. ದೊಡ್ಡ ಘಟಕಗಳಲ್ಲಿ ತಯಾರಾಗಿ ಬಾಟಲಿ, ಕ್ಯಾನ್‌ಗಳಲ್ಲಿ ಊರೂರಿಗೆ ಹೋಗುತ್ತದೆ. ತಯಾರಿಕೆಯ ಅಳತೆಯಿಂದ ನೋಡಿದರೆ ಅದು ಕ್ರಾಫ್ಟ್ ಅಲ್ಲ ಎನ್ನುವವರಿದ್ದಾರೆ. ಆದರೆ ಮೈಕ್ರೋಬ್ರೂವರಿ ಇಲ್ಲದ ಊರಿನ ಅಂಗಡಿಗೂ ಗೋಧಿ ಬಿಯರ್ ತಲುಪಿಸಿದ್ದು ಬಿರಾ ಎಂಬುದನ್ನು ಅವರೂ ಒಪ್ಪುತ್ತಾರೆ. 2021ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಕಂಪನಿ ಟ್ಯಾಪ್‌ರೂಂ ತೆರೆದಿದ್ದು, ಸ್ಥಳದಲ್ಲೇ ಪ್ರಯೋಗ ಮಾಡುವ ಬ್ರೂವರಿ ಎಂಬ ಹೆಸರನ್ನೂ ಉಳಿಸಿಕೊಳ್ಳುವುದಕ್ಕೆ.

‘ಪ್ರೈವೇಟ್’ ಹೋಯಿತು, ಮಾರಾಟ ನಿಂತಿತು

ಕಂಪನಿ ಕಾಯ್ದೆ 2013ರ ಪ್ರಕಾರ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಸಾಮಾನ್ಯವಾಗಿ 200ಕ್ಕಿಂತ ಹೆಚ್ಚು ಷೇರುದಾರರು ಇರುವಂತಿಲ್ಲ. ಐಪಿಒ ಮೂಲಕ ಷೇರುಪೇಟೆಗೆ ಹೋಗಬೇಕೆಂದರೂ ಮೊದಲು ಪಬ್ಲಿಕ್ ಕಂಪನಿ ಆಗಬೇಕು. ಐಪಿಒ ಯೋಜನೆ ಹಾಕಿಕೊಂಡಿದ್ದ ಬಿ9 ಬೆವರೇಜಸ್ ಪ್ರೈವೇಟ್ ಲಿಮಿಟೆಡ್ ತನ್ನ ಹೆಸರನ್ನು ಬಿ9 ಬೆವರೇಜಸ್ ಲಿಮಿಟೆಡ್ ಎಂದು ಬದಲಿಸಿಕೊಂಡಿತು. ಸೋಪು, ಬಿಸ್ಕತ್ತು ಮಾರುವ ಕಂಪನಿಯಾಗಿದ್ದರೆ ಇದು ಕಾಗದದ ಕೆಲಸವಾಗಿ ಮುಗಿಯುತ್ತಿತ್ತು.

ಮದ್ಯದ ಲೆಕ್ಕವೇ ಬೇರೆ. ಸಂವಿಧಾನದ ಏಳನೇ ಪರಿಚ್ಛೇದದಂತೆ ಮದ್ಯ ರಾಜ್ಯಪಟ್ಟಿಯ ವಿಷಯ. ಕುಡಿಯುವ ಮದ್ಯ ಜಿಎಸ್‌ಟಿಯಿಂದಲೂ ಹೊರಗಿದೆ. ಪ್ರತಿ ರಾಜ್ಯದ ಅಬಕಾರಿ ಇಲಾಖೆಯಲ್ಲಿ ಪ್ರತಿ ಬ್ರ್ಯಾಂಡ್‌ನ ಲೇಬಲ್ ಬೇರೆ ಬೇರೆಯಾಗಿ ನೋಂದಣಿಯಾಗಬೇಕು. ಲೇಬಲ್ ಮೇಲೆ ತಯಾರಕರ ಹೆಸರು ಇರುತ್ತದೆ. ಹೆಸರು ಬದಲಾದ ಕಾರಣ ರಾಜ್ಯಗಳು ಇದನ್ನು ಹೊಸ ಕಂಪನಿಯಂತೆಯೇ ಪರಿಗಣಿಸಿದವು. ಅಷ್ಟೂ ಲೇಬಲ್‌ಗಳಿಗೆ ಮತ್ತೆ ಅರ್ಜಿ, ಮತ್ತೆ ನೋಂದಣಿ. ಈ ಪ್ರಕ್ರಿಯೆಗೆ 4ರಿಂದ 6 ತಿಂಗಳು ಹಿಡಿಯಿತು, ಬೇಡಿಕೆ ಇದ್ದರೂ ಮಾರಾಟ ಬಹುತೇಕ ನಿಂತುಹೋಯಿತು ಎಂದು ಕಂಪನಿಯೇ ಹೇಳಿಕೊಂಡಿದೆ.

ಬಿಯರ್ ಇಟ್ಟಷ್ಟೂ ಹಳಸುವ ಸರಕು. ಬಾಟಲಿ ಬಿಯರ್‌ನ ಬಾಳಿಕೆ ಸಾಮಾನ್ಯವಾಗಿ ಆರು ತಿಂಗಳು. ಹಳೆಯ ಹೆಸರಿನ ಲೇಬಲ್ ಅಂಟಿಸಿದ್ದ ದಾಸ್ತಾನನ್ನು ಮಾರುವಂತಿರಲಿಲ್ಲ, ಕಾಯ್ದಿರಿಸುವಂತೆಯೂ ಇರಲಿಲ್ಲ. ಸುಮಾರು 80 ಕೋಟಿ ರೂ. ಮೌಲ್ಯದ ದಾಸ್ತಾನನ್ನು ನಷ್ಟವೆಂದು ಬರೆದುಹಾಕಬೇಕಾಯಿತು. 2023–24ರಲ್ಲಿ ಆದಾಯ ಶೇ 22ರಷ್ಟು ಕುಸಿದು 638 ಕೋಟಿ ರೂ.ಗೆ ಇಳಿಯಿತು. ನಷ್ಟ 748 ಕೋಟಿ ರೂ. ಅಂದರೆ ಗಳಿಸಿದ್ದಕ್ಕಿಂತ ಕಳೆದುಕೊಂಡಿದ್ದೇ ಹೆಚ್ಚು.

ಎಲ್ಲ ತಪ್ಪನ್ನೂ ಅಬಕಾರಿ ನಿಯಮದ ಮೇಲೆ ಹಾಕುವಂತಿಲ್ಲ. ಹಿಂದಿನ ವರ್ಷವೇ ನಷ್ಟ 445 ಕೋಟಿ ರೂ. ಇತ್ತು. ಲಾಭದ ಗಂಟು ಇದ್ದ ಕಂಪನಿ ಆರು ತಿಂಗಳ ಪೆಟ್ಟು ತಾಳಿಕೊಳ್ಳಬಹುದಿತ್ತು. ಮುಂದಿನ ಹೂಡಿಕೆಯನ್ನೇ ನಂಬಿ ನಡೆಯುತ್ತಿದ್ದ ಕಂಪನಿಗೆ ಅದು ಆಗಲಿಲ್ಲ.

ಪೆಟ್ಟು ತಿಂದಿದ್ದು ಯಾರು?

ಮೊದಲ ಏಟು ಬಿದ್ದಿದ್ದು ನೌಕರರಿಗೆ. ಸಂಬಳ ತಿಂಗಳುಗಟ್ಟಲೆ ಬಾಕಿ ಇದೆ, ಸಂಬಳದಿಂದ ಕಡಿತ ಮಾಡಿದ ಟಿಡಿಎಸ್ ಪಾವತಿಯಾಗಿಲ್ಲ ಎಂದು ದೂರಿ 200ಕ್ಕೂ ಹೆಚ್ಚು ನೌಕರರು ಸ್ಥಾಪಕರ ಬದಲಾವಣೆಗೆ ಒತ್ತಾಯಿಸಿ ಆಡಳಿತ ಮಂಡಳಿ ಹಾಗೂ ಹೂಡಿಕೆದಾರರಿಗೆ ಮನವಿ ಸಲ್ಲಿಸಿದ್ದು 2025ರ ಅಕ್ಟೋಬರ್‌ನಲ್ಲಿ ಸುದ್ದಿಯಾಯಿತು. ಸರಕು ಪೂರೈಸಿದವರ ಬಾಕಿ, ಸಾಲ ಕೊಟ್ಟವರ ಜತೆಗಿನ ವಿವಾದವೂ ಬೀದಿಗೆ ಬಂದವು.

ಗ್ರಾಹಕರಿಗೆ ಆದ ನಷ್ಟ ಬೇರೆ ಥರದ್ದು. ಅಂಗಡಿಯ ಫ್ರಿಜ್‌ನಲ್ಲಿ ಬಿರಾ ಇದ್ದ ಜಾಗವನ್ನು ಬೇರೆ ಬ್ರ್ಯಾಂಡ್‌ಗಳು ಹಿಡಿದವು. ಬಿಯರ್ ವ್ಯಾಪಾರದಲ್ಲಿ ಒಮ್ಮೆ ಬಿಟ್ಟುಕೊಟ್ಟ ಫ್ರಿಜ್ ಜಾಗ ಮರಳಿ ಸಿಗುವುದು ಕಷ್ಟ. ಗೋಧಿ ಬಿಯರ್ ರುಚಿ ಹತ್ತಿಸಿದ್ದು ಬಿರಾ. ಆ ರುಚಿಯ ಲಾಭ ಪಡೆಯುತ್ತಿರುವವರಲ್ಲಿ ಅದನ್ನು ನೋಡಿ ಗೋಧಿ ಬಿಯರ್ ತಂದ ದೊಡ್ಡ ಕಂಪನಿಗಳೂ ಇವೆ.

ನಿಮಗಿದು ಗೊತ್ತಿರಲಿ

* ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ ಆಲ್ಕೋಹಾಲ್ ಶೇ 5ರವರೆಗೆ ಇದ್ದರೆ ಸಾಮಾನ್ಯ ಬಿಯರ್, ಶೇ 5ರಿಂದ 8ರವರೆಗೆ ಸ್ಟ್ರಾಂಗ್.
* ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅದೇ ಬಾಟಲಿಗೆ ಬೆಂಗಳೂರು, ಮುಂಬೈ, ದೆಹಲಿಯಲ್ಲಿ ಬೇರೆ ಬೇರೆ ಬೆಲೆ ಇರುವುದು ಇದಕ್ಕೇ.
* ಕರ್ನಾಟಕದಲ್ಲಿ ಸಗಟು ಮಾರಾಟ ರಾಜ್ಯ ಪಾನೀಯ ನಿಗಮದ ಕೈಯಲ್ಲಿದ್ದರೆ, ತಮಿಳುನಾಡಿನಲ್ಲಿ ಚಿಲ್ಲರೆ ಅಂಗಡಿಯೂ ಸರ್ಕಾರಿ ಸಂಸ್ಥೆ ಟಾಸ್ಮ್ಯಾಕ್‌ನದ್ದೇ. ನಿಮ್ಮೂರಿನಲ್ಲಿ ಯಾವ ಬ್ರ್ಯಾಂಡ್ ಸಿಗುತ್ತದೆ ಎಂಬುದು ಇದರ ಮೇಲೂ ನಿಂತಿದೆ.
* ಬಾಟಲಿ ಕೊಳ್ಳುವಾಗ ತಯಾರಿಕೆಯ ದಿನಾಂಕ ನೋಡಿ. ಗೋಧಿ ಬಿಯರ್ ಮತ್ತು ಐಪಿಎ ಹಳೆಯದಾದಷ್ಟೂ ಪರಿಮಳ ಕಳೆದುಕೊಳ್ಳುತ್ತವೆ.
* ಕುಡಿಯಲು ಕನಿಷ್ಠ ವಯಸ್ಸು ದೆಹಲಿಯಲ್ಲಿ 25. ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21.

(ಮದ್ಯಪಾನ ಆರೋಗ್ಯಕ್ಕೆ ಹಾನಿಕರ. ಕುಡಿದು ವಾಹನ ಚಲಾಯಿಸಬೇಡಿ.)