ಹೋಟ್ಲಿನ ತಿಂಡಿಯೂ ಎಂಗಳ ಹೆಮ್ಮಕ್ಕಳೂ

ಪೇಟೆಗೆ ಹೋದರೆ ಒಂದು ಮಸಾಲೆ ದೋಸೆ ತಿಂದು, ಕಾಪಿ ಕುಡುದು ಬಪ್ಪದು ಈಗ ಎಂಗೊಗೆ ದೊಡ್ಡ ಸಂಗತಿ ಅಲ್ಲ. ಅಜ್ಜಿಯಕ್ಕಳ ಕಾಲಲ್ಲಿ ಹಾಂಗಿತ್ತಿಲ್ಲೆ. ಆರು ಬೇಶಿದ್ದೋ, ಮಿಂದು ಮಾಡಿದ್ದೋ, ಆರು ತಿಂದ ಬಟ್ಲೋ ಹೇಳಿ ಅವಕ್ಕೆ ನೂರು ಸಂಶಯ. ಗೆಂಡುಮಕ್ಕೊ ಕೋರ್ಟು ಕಚೇರಿ ಹೇಳಿ ಮಂಗ್ಳೂರಿಂಗೆ ಹೋದಿಪ್ಪಗ ತಿಂಗು, ಮನೆಗೆ ಬಂದು ಬಾಯಿ ಬಿಡವು. ಹೆಮ್ಮಕ್ಕೊ ಹೋಟ್ಲಿನ ಮೆಟ್ಲು ಹತ್ತುವ ಕ್ರಮವೇ ಇತ್ತಿಲ್ಲೆ. ಅಲ್ಲಿಂದ ಇಲ್ಲಿವರೆಗೆ ಹೇಂಗೆ ಬಂತು ಹೇಳುದರ ರಜ್ಜ ಬರೆತ್ತೆ.

ಉಡುಪಿ ಹೋಟ್ಲಿನ ಬೇರು ಇಪ್ಪದು ಮಠಂಗಳ ಅಡಿಗೆ ಕೋಣೆಲಿ. ಎರಡು ವರ್ಷಕ್ಕೊಂದರಿ ಪರ್ಯಾಯ, ಎಂಟು ಮಠಂಗೊ ಸರದಿಲಿ ಕೃಷ್ಣನ ಪೂಜೆ ವಹಿಸಿಗೊಂಬದು, ಬಂದೋರಿಂಗೆ ಊಟ. ನೀರುಳ್ಳಿ, ಬೆಳ್ಳುಳ್ಳಿ ಇಲ್ಲೆ. ಚಾತುರ್ಮಾಸ್ಯ ಬಂದರೆ ಒಂದು ತಿಂಗಳು ತರಕಾರಿ ಇಲ್ಲೆ, ಮತ್ತೊಂದು ತಿಂಗಳು ಮೊಸರು ಇಲ್ಲೆ, ಮತ್ತೆ ಹಾಲು ಇಲ್ಲೆ, ಅಖೇರಿಗೆ ಬೇಳೆಯೂ ಇಲ್ಲೆ. ಇಷ್ಟು ‘ಇಲ್ಲೆ’ಗಳ ಒಳ ನೂರಾರು ಜೆನಕ್ಕೆ ರುಚಿಯಾಗಿ ಬೇಶುಲೆ ಕಲ್ತವಂಗೆ ಯಾವ ಊರಿಂಗೆ ಹೋದರೂ ಅಡಿಗೆ ಎಡಿಗು.

ಕೈಲಿ ರುಚಿ ಇದ್ದು, ಪೈಸೆ ಇಲ್ಲೆ. ಗೆದ್ದೆ ಸಣ್ಣ, ಮನೆ ತುಂಬ ಮಕ್ಕೊ. ಸಾಲದ್ದಕ್ಕೆ 1923ರಲ್ಲಿ ದಕ್ಷಿಣ ಕನ್ನಡಕ್ಕೆ ಬಂದ ದೊಡ್ಡ ಬೊಳ್ಳ. ಹತ್ತು ಹನ್ನೆರಡು ವರ್ಷದ ಮಾಣಿಯಂಗೊ ಬೊಂಬಾಯಿ, ಮದ್ರಾಸು, ಬೆಂಗ್ಳೂರಿಂಗೆ ಹೆರಟವು. ಸುರುವಿಂಗೆ ಬಟ್ಲು ತೊಳವದು, ಮತ್ತೆ ಹಿಟ್ಟು ಕಡವದು, ಮತ್ತೆ ಬಳುಸುದು, ದೇವರು ಕೊಟ್ಟರೆ ಗಲ್ಲೆಲಿ ಕೂಪದು. ಎಂಗೊ ಮನೆಲಿ ಹುಡುಗಂಗೆ ‘ಮಾಣಿ’ ಹೇಳ್ತಲ್ಲದಾ, ಆ ಶಬ್ದಕ್ಕೆ ಕನ್ನಡಲ್ಲಿ ಹೋಟ್ಲಿಲಿ ತಿಂಡಿ ತಂದುಕೊಡುವವ ಹೇಳುವ ಅರ್ಥವೂ ಸೇರಿತ್ತು. ಅವು ಕಳುಸಿದ ಮನಿಯಾರ್ಡರಿಲಿ ಊರಿನ ಎಷ್ಟೋ ಮನೆ ನೆಡದತ್ತು, ಅಕ್ಕ ತಂಗೆಕ್ಕಳ ಮದುವೆ ಕಳುದತ್ತು.

ಕಡಂದಲೆಯ ಕೃಷ್ಣ ರಾವ್ ಮದ್ರಾಸಿಂಗೆ ಹೋದವು. 1938ರಲ್ಲಿ ರಾಯಪೇಟೆಲಿ ವುಡ್‌ಲ್ಯಾಂಡ್ಸ್ ಹೇಳ್ತ ಬಂಗ್ಲೆಯ ಬಾಡಿಗೆಗೆ ತೆಕ್ಕೊಂಡು, ಅದೇ ಹೆಸರಿಲಿ ಹೋಟ್ಲು ಮಾಡಿದವು. ಕೋಟ ಹತ್ತರಾಣ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರೂ ಅಣ್ಣತಮ್ಮಂದ್ರೂ 1924ರಲ್ಲಿ ಬೆಂಗ್ಳೂರಿಲಿ ಸುರು ಮಾಡಿದ್ದೇ ಈಗಾಣ ಎಂಟಿಆರ್. ಯುದ್ಧದ ಕಾಲಲ್ಲಿ ಅಕ್ಕಿಗೆ ತತ್ವಾರ ಆದಪ್ಪಗ ರವೆಲಿ ಇಡ್ಲಿ ಬೇಶಿದ್ದು ಎಂಗಳೇ ಹೇಳಿ ಅವು ಹೇಳ್ತವು. ಮಯ್ಯರು 1951ರಲ್ಲಿ ಯೂರೋಪಿಂಗೆ ಹೋಗಿ, ಅಲ್ಯಾಣ ಚೊಕ್ಕಟ ನೋಡಿ ಬಂದು, ತಟ್ಟೆ ಲೋಟಂಗಳ ಹಬೆಲಿ ಶುದ್ಧ ಮಾಡುವ ಕ್ರಮ ತಂದವು. ಬಂದೋರು ಅಡಿಗೆ ಕೋಣೆಯ ನೋಡಿಗೊಂಡೇ ಒಳ ಹೋಗಲಿ ಹೇಳಿಯೂ ಮಾಡಿದವು. ಅಜ್ಜಿಯಕ್ಕಳ ಸಂಶಯಕ್ಕೆ ಇದಕ್ಕಿಂತ ಒಳ್ಳೆ ಉತ್ತರ ಇದ್ದಾ?

ಆದರೆ ಅದಕ್ಕೂ ಮದಲು ಇದ್ದ ಉತ್ತರ ಬೇರೆ. ಎಂಟಿಆರಿನ ಸುರುವಾಣ ಹೆಸರು ‘ಬ್ರಾಹ್ಮಣ ಕಾಫಿ ಕ್ಲಬ್’. ಇಂಥಾ ಹೆಸರಿನ ಹೋಟ್ಲುಗೊ ಆಗ ಸುಮಾರು ಇತ್ತು. ಬೋರ್ಡು ನೋಡಿ ಕೆಲವರಿಂಗೆ ಧೈರ್ಯ ಬಂತು, ಅದೇ ಬೋರ್ಡು ನೋಡಿ ಒಳುದೋರು ಹೆರ ನಿಂದವು. ಮದ್ರಾಸು ಕಡೆಯ ರೈಲ್ವೆ ಸ್ಟೇಶನುಗಳಲ್ಲಿಯೂ ಬ್ರಾಹ್ಮಣರಿಂಗೆ ಬೇರೆ ಊಟದ ಜಾಗೆ. ಪೆರಿಯಾರ್ ಕಡೆಯೋರು ಹೋರಾಡಿ 1941ರಲ್ಲಿ ಅದು ನಿಂದತ್ತು. 1957ರಲ್ಲಿ ಹೋಟ್ಲಿನ ಬೋರ್ಡಿಂದ ‘ಬ್ರಾಹ್ಮಣ’ ಶಬ್ದ ತೆಗೆಯೆಕ್ಕು ಹೇಳಿ ಮದ್ರಾಸಿನ ಮುರಳಿ ಕೆಫೆ ಎದುರು ಮತ್ತೊಂದು ಹೋರಾಟ. ಇದರ ಎಡೆಲಿ 1950ರಲ್ಲಿ ಸಂವಿಧಾನ ಬಂತು. ಅದರ 15ನೇ ವಿಧಿಲಿ ಹೋಟ್ಲಿನ ಮಾತೂ ಇದ್ದು: ಜಾತಿ ನೋಡಿಯೋ, ಧರ್ಮ ನೋಡಿಯೋ, ಹೆಣ್ಣು ಗೆಂಡು ನೋಡಿಯೋ ಆರನ್ನೂ ತಡವಲಾಗ.

ಕಾನೂನು ಬಂದ ಕೂಡ್ಲೇ ಹೆಮ್ಮಕ್ಕೊ ಒಳ ಬಂದವು ಹೇಳಿ ಅಲ್ಲ. ಆ ಕಾಲದ ಹೋಟ್ಲುಗೊ ಮನೆಂದ ದೂರ ಇಪ್ಪ ಗುಮಾಸ್ತಂಗೊಕ್ಕೆ, ಕೋಲೇಜು ಮಾಣಿಯಂಗೊಕ್ಕೆ ಹೇಳಿ ಆದ್ದು. 1942ರಲ್ಲಿ ರಾಮ ನಾಯಕ್ ಮಾಟುಂಗಲ್ಲಿ ಸುರು ಮಾಡಿದ ಬಾಳೆಲೆ ಊಟದ ಬೋರ್ಡಿಂಗು, 1943ರ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. ಹೆಸರು ಕೇಳಿರೇ ಗೊಂತಾವುತ್ತು. ಹೆಮ್ಮಕ್ಕೊಗೆ ಹೇಳಿ ಮೂಲೆಲಿ ಪರದೆ ಕಟ್ಟಿದ ‘ಫ್ಯಾಮಿಲಿ ರೂಮು’ ಬಂತು. ಕೃಷ್ಣ ರಾಯರು 1962ರಲ್ಲಿ ಮದ್ರಾಸಿಲಿ ಡ್ರೈವ್-ಇನ್ ಮಾಡಿದವು, ಸಂಸಾರ ಸಮೇತ ಕಾರಿಲಿಯೇ ಕೂದು ತಿಂಬಲೆ. 1983ರಲ್ಲಿ ಬೆಂಗ್ಳೂರಿನ ಜಯನಗರಲ್ಲಿ ನಿಂದುಗೊಂಡು ತಿಂಬ ದರ್ಶಿನಿ ಸುರುವಾತು. ಅಲ್ಲಿ ಪರದೆ ಇಲ್ಲೆ. ಕೆಲಸಕ್ಕೆ ಹೋಪ ಕೂಸುಗೊ ಇಡ್ಲಿ ತಿಂದಿಕ್ಕಿ ಬಸ್ಸು ಹತ್ತುದರ ಆರೂ ತಿರುಗಿ ನೋಡವು.

ಎನ್ನ ಅತ್ತೆ ಸುರುವಿಂಗೆ ಹೋಟ್ಲು ಕಂಡದು ಮಾವನ ಕಣ್ಣಿನ ಆಪ್ರೇಶನಿಂಗೆ ಪೇಟೆಗೆ ಹೋಗಿಪ್ಪಗ, ಐವತ್ತು ಕಳುದ ಮತ್ತೆ. ಅದುವರೆಗೆ ಹತ್ತು ಹದಿನೈದು ಜೆನಕ್ಕೆ ದೋಸೆ ಎರದು, ಅಖೇರಿಗೆ ಒಲೆ ಬುಡಲ್ಲಿ ತಣುದ್ದರ ತಿಂದೋರು. ದೋಸೆ ಹೇಂಗಿತ್ತು ಹೇಳಿ ಕೇಳಿರೆ, “ಮನೆದೇ ಲಾಯ್ಕ” ಹೇಳುಗು. ಮತ್ತೆ ರಜ್ಜ ತಡದು, “ಕೂದಲ್ಲಿಗೇ ತಂದು ಮಡುಗಿದವು ಕೂಸೇ, ಬೆಶಿ ಬೆಶಿ. ತಿಂದ ತಟ್ಟೆಯನ್ನೂ ಅವೇ ತೆಗದವು” ಹೇಳುಗು.

ಹೋಟ್ಲಿನ ಇತಿಹಾಸಲ್ಲಿ ರಾಯರ, ಮಯ್ಯರ ಹೆಸರು ಸಿಕ್ಕುತ್ತು, ಸಿಕ್ಕೆಕ್ಕಾದ್ದೇ. ಆ ಮಾಣಿಯಂಗೊಗೆ ಸಣ್ಣಾಗಿಪ್ಪಗ ನಾಲಗೆ ರುಚಿ ಕಲುಶಿದ ಅಬ್ಬೆಕ್ಕಳ ಹೆಸರು ಯಾವ ಬೋರ್ಡಿಲಿಯೂ ಇಲ್ಲೆ. ನಿಂಗಳ ಮನೆಲಿ ಹೆರಿಯೋರು ಇದ್ದರೆ ಕೇಳಿ ಬರದು ಮಡುಗಿ: ಮನೆಂದ ಆರು ಹೋಟ್ಲು ಕೆಲಸಕ್ಕೆ ಹೋಗಿತ್ತಿದ್ದವು, ಯಾವ ಹೆಮ್ಮಕ್ಕೊ ಸುರುವಿಂಗೆ ಹೋಟ್ಲಿಲಿ ಕೂದು ತಿಂದವು. ಇನ್ನಾಣ ಸರ್ತಿ ಪೇಟೆಗೆ ಹೋಪಗ ಅವರನ್ನೂ ಕರಕ್ಕೊಂಡು ಹೋಗಿ. “ಎನಗೆಂತಕೆ, ಮನೆದೇ ಸಾಕು” ಹೇಳುಗು. ಆದರೂ ಕರಕ್ಕೊಂಡು ಹೋಗಿ.