232 ವರ್ಷ ಅವಿಭಾಜ್ಯವೆನಿಸಿಕೊಂಡಿದ್ದ 21 ಅಂಕಿಗಳ ಸಂಖ್ಯೆ

67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ ದೊರೆಯುವ ಪೂರ್ಣಸಂಖ್ಯೆ 14,75,73,95,25,89,67,64,12,927. ಚದುರಂಗದ 64 ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ಇಮ್ಮಡಿಸುತ್ತ ಕಾಳು ಇಡುವ ಹಳೆಯ ಕಥೆ ಪರಿಚಿತವಾದುದೇ. ಆ ಪಟಕ್ಕೆ ಇನ್ನೂ ಮೂರು ಮನೆಗಳನ್ನು ಸೇರಿಸಿದರೆ ಕಾಳುಗಳ ಒಟ್ಟು ಎಣಿಕೆ ಸರಿಯಾಗಿ ಇಷ್ಟಾಗುತ್ತದೆ. ದ್ವಿಮಾನ ಪದ್ಧತಿಯಲ್ಲಿ ಇದನ್ನು ಬರೆಯಲು 67 ಒಂದುಗಳು ಸಾಕು. ಒಂದು ಸೊನ್ನೆಯೂ ಬೇಕಿಲ್ಲ.

ಫ್ರಾನ್ಸಿನ ಪಾದ್ರಿ ಮರ‍್ಯಾಂ ಮರ್ಸೆನ್ 1644ರಲ್ಲಿ, ಈ ಬಗೆಯ ಸಂಖ್ಯೆಗಳು ಅವಿಭಾಜ್ಯವಾಗುವ ಘಾತಗಳ ಪಟ್ಟಿಯೊಂದನ್ನು ಪ್ರಕಟಿಸಿದರು: 2, 3, 5, 7, 13, 17, 19, 31, 67, 127 ಮತ್ತು 257. ಪುರಾವೆ ನೀಡಲಿಲ್ಲ. 67 ಮತ್ತು 257 ಅಲ್ಲಿ ಇರಬಾರದಿತ್ತು. 61, 89 ಮತ್ತು 107 ಬಿಟ್ಟುಹೋಗಿದ್ದವು. 61 ಎಂದು ಬರೆಯಲು ಹೋಗಿ 67 ಆಯಿತೇ ಎಂಬ ಗುಮಾನಿಯೂ ಉಂಟು. 67ರ ಸಂಖ್ಯೆ ಅವಿಭಾಜ್ಯವಾಗಿದ್ದಿದ್ದರೆ, ಯೂಕ್ಲಿಡನ ಸೂತ್ರದಂತೆ ಅದರಿಂದ ಒಂದು ಪರಿಪೂರ್ಣ ಸಂಖ್ಯೆಯೂ ಹುಟ್ಟುತ್ತಿತ್ತು. ಆದ್ದರಿಂದ ಇದು ಕೇವಲ ಕುತೂಹಲದ ಪ್ರಶ್ನೆಯಾಗಿರಲಿಲ್ಲ.

1876ರಲ್ಲಿ ಎದುವಾರ್ ಲೂಕಾ ಇದು ಅವಿಭಾಜ್ಯವಲ್ಲವೆಂದು ತೋರಿಸಿದರು. ಆದರೆ ಯಾವ ಅಪವರ್ತನವನ್ನೂ ಹೇಳಲಿಲ್ಲ. ಒಡೆಯದೆಯೇ ಒಡೆಯಬಲ್ಲದೆಂದು ತಿಳಿಯುವುದು ವಿಚಿತ್ರವೆನಿಸಬಹುದು. ಅವರ ವಿಧಾನವನ್ನು ಮುಂದೆ ಡಿ.ಎಚ್. ಲೆಹ್ಮರ್ ಸರಳಗೊಳಿಸಿದರು. ಆ ರೂಪದಲ್ಲಿ 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆಯುತ್ತ, ಪ್ರತಿಸಲವೂ ಪರೀಕ್ಷೆಗೊಳಗಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಬೇಕು. ಈ ಸಂಖ್ಯೆಗೆ 65 ಆವರ್ತನಗಳು. ಕೊನೆಯ ಶೇಷ ಸೊನ್ನೆಯಾದರೆ ಅವಿಭಾಜ್ಯ, ಇಲ್ಲವಾದರೆ ಅಲ್ಲ. ಇಲ್ಲಿ ಸೊನ್ನೆ ಬರುವುದಿಲ್ಲ.

ಅಪವರ್ತನಗಳು ಬೆಳಕಿಗೆ ಬಂದದ್ದು 1903ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರಾಂಕ್ ನೆಲ್ಸನ್ ಕೋಲ್ ಮಾತಿಲ್ಲದೆ ಹಲಗೆಯ ಬಳಿ ಹೋಗಿ 19,37,07,721 ಮತ್ತು 7,61,83,82,57,287 ಇವುಗಳನ್ನು ಗುಣಿಸಿ ತೋರಿಸಿ, ಕರತಾಡನದ ನಡುವೆ ಹಿಂತಿರುಗಿ ಕುಳಿತರು ಎಂಬ ಪ್ರಸಂಗವನ್ನು ಇ.ಟಿ. ಬೆಲ್ ಬರೆದಿದ್ದಾರೆ. ಮೂರು ವರ್ಷಗಳ ಭಾನುವಾರಗಳು ಇದಕ್ಕೆ ಸಂದವೆಂಬುದೂ ಬೆಲ್ ಅವರದೇ ಮಾತು. ಕಥೆಗೆ ತುಸು ಬಣ್ಣ ಸೇರಿರಬಹುದು. ಲೆಕ್ಕ ಮಾತ್ರ ನಿಖರ.

ಇಂಥ ಸಂಖ್ಯೆಯ ಪ್ರತಿ ಅವಿಭಾಜ್ಯ ಅಪವರ್ತನದಿಂದ ಒಂದನ್ನು ಕಳೆದರೆ ಉಳಿಯುವುದು ಘಾತದ ಇಮ್ಮಡಿಯಿಂದ, ಅಂದರೆ ಇಲ್ಲಿ 134ರಿಂದ, ನಿಶ್ಶೇಷವಾಗಿ ಭಾಗವಾಗಲೇಬೇಕು. ಚಿಕ್ಕ ಅಪವರ್ತನದಲ್ಲಿ ಆ ಭಾಗಲಬ್ಧ 14,45,580. ಒಂದೊಂದನ್ನೇ ಭಾಗಿಸಿ ನೋಡುತ್ತ ಅಲ್ಲಿಗೆ ತಲುಪುವುದು ಕಾಗದ, ಪೆನ್ಸಿಲಿನಿಂದ ಆಗುವ ಕೆಲಸವಲ್ಲ. ಕೋಲ್ ವರ್ಗಶೇಷಗಳ ನೆರವಿನಿಂದ ಬೇಡದವುಗಳನ್ನು ಸೋಸಿ ಹಾಕಿದರು.

ಇಂದಿನ ಸಾಮಾನ್ಯ ಕಂಪ್ಯೂಟರ್ ಈ ಸಂಖ್ಯೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆಯುತ್ತದೆ. ಆದರೆ ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂಬ ಅಂತರ ಅಳಿದಿಲ್ಲ. 1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ಗೂಢಲಿಪಿ ನಿಂತಿರುವುದು ಅದರ ಮೇಲೆಯೇ. ಅಲ್ಲಿ ಬಳಕೆಯಲ್ಲಿರುವ 2048 ಬಿಟ್‌ಗಳ ಸಂಖ್ಯೆಗೆ 617 ಅಂಕಿಗಳು.