ಕೂಟ ಮುಗಿದ ಮರುದಿನ



ನಮ್ಮ ಅಮ್ಮಿನಬಾವಿಯಲ್ಲಿ ಜಾತ್ರೆಯ ಮರುದಿನ ಬಯಲಿಗೆ ಹೋಗಿ ನಿಲ್ಲುವುದು ಚಿಕ್ಕಂದಿನಿಂದಲೂ ನನಗಿರುವ ಅಭ್ಯಾಸ. ಬೆಂಡು-ಬತ್ತಾಸಿನ ಅಂಗಡಿಗಳೆಲ್ಲ ಎದ್ದುಹೋದ ಮೇಲೆ ಊರಿಗೆ ಉಳಿದದ್ದೇನೆಂಬುದು ಕಾಣುತ್ತದೆ. ದೊಡ್ಡ ಕ್ರೀಡಾಕೂಟದಿಂದ ನಗರಕ್ಕೆ ನಿಜವಾಗಿ ಲಾಭವುಂಟೇ ಎಂದು ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಕೇಳಿದಾಗ ಆ ಬಯಲೇ ನೆನಪಾಯಿತು.

1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟವು ಬೆಂಗಳೂರು, ಮೈಸೂರುಗಳಲ್ಲಿ ನಡೆಯಿತು. ಪದಕ ಪಟ್ಟಿಯಲ್ಲಿ ಕರ್ನಾಟಕವೇ ಮೊದಲಾಯಿತು. ಆ ಸಂಭ್ರಮವನ್ನು ಇಂದು ಎಷ್ಟು ಜನ ನೆನೆಯುತ್ತಾರೋ ತಿಳಿಯದು. ಆದರೆ ಕೂಟಕ್ಕಾಗಿ ಕಟ್ಟಿದ್ದನ್ನು ಜನ ದಿನವೂ ಬಳಸುತ್ತಿದ್ದಾರೆ. ಕ್ರೀಡಾಪಟುಗಳ ವಸತಿಗೆಂದು ಕೋರಮಂಗಲದಲ್ಲಿ ಎದ್ದ ರಾಷ್ಟ್ರೀಯ ಕ್ರೀಡಾಗ್ರಾಮವು ಕೂಟದ ತರುವಾಯ ಸಂಸಾರಗಳ ಬಡಾವಣೆಯಾಯಿತು. ಆಟಗಾರ ನಾಲ್ಕು ದಿನದ ಅತಿಥಿ, ಒಕ್ಕಲು ಬರುವವನೇ ಮನೆಯ ನಿಜವಾದ ಯಜಮಾನ ಎಂಬ ಲೆಕ್ಕ ಅಲ್ಲಿ ಮೊದಲೇ ಇತ್ತು. ನಾನೊಮ್ಮೆ ಅಲ್ಲಿಗೆ ಹೋದಾಗ ಮೊಗಸಾಲೆಗಳಲ್ಲಿ ಬಟ್ಟೆ ಒಣಗುತ್ತಿದ್ದವು, ಕೆಳಗೆ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ಕೋರಮಂಗಲದ ಒಳಾಂಗಣ ಕ್ರೀಡಾಂಗಣವಂತೂ 2020ರಲ್ಲಿ ಕೋವಿಡ್ ರೋಗಿಗಳ ಆರೈಕೆಗೂ ಒದಗಿತು. ಮೈಸೂರಿಗೆ ಚಾಮುಂಡಿ ವಿಹಾರ ಕ್ರೀಡಾಂಗಣ ದಕ್ಕಿತು.

ಎಲ್ಲವೂ ಸುಸೂತ್ರವೆನ್ನಲಾರೆ. ಕಂಠೀರವದ ಕೃತಕ ಓಟದ ಪಥ ಸವೆದು, ಮರಳಿ ಹಾಸುವವರೆಗೆ ಓಟಗಾರರು ಪರದಾಡಿದರು. ಕಟ್ಟುವಾಗ ಸಿಗುವ ಹಣ ಕಾಪಾಡುವಾಗ ಸಿಗುವುದಿಲ್ಲ. (ಶಾಲೆಯ ಹಂಚು ಹೊದಿಸಲು ಅರ್ಜಿ ಬರೆದು ಬರೆದು ಕೈಸೋತವನಿಗೆ ಇದು ಹೊಸ ಸಂಗತಿಯಲ್ಲ!)

ಹೊರದೇಶಗಳ ಕಥೆಯೂ ಹೀಗೆಯೇ. 1976ರ ಒಲಿಂಪಿಕ್ಸ್‌ಗಾಗಿ ಮಾಂಟ್ರಿಯಲ್ ನಗರ ಮಾಡಿದ ಸಾಲ ತೀರಿದ್ದು 2006ರಲ್ಲಿ. 2004ರ ಅಥೆನ್ಸ್ ಕೂಟದ ಹಲವು ಕ್ರೀಡಾಂಗಣಗಳು ಬಳಸುವವರಿಲ್ಲದೆ ಪಾಳುಬಿದ್ದವು. 1992ರ ಬಾರ್ಸಿಲೋನಾ ಮಾತ್ರ ಕಾರ್ಖಾನೆಗಳು ಮುತ್ತಿದ್ದ ಕಡಲತೀರವನ್ನು ಆ ನೆಪದಲ್ಲಿ ಬಿಡಿಸಿಕೊಂಡು ಜನರಿಗೆ ತೆರೆಯಿತು. ಅದು ಆ ನಗರಕ್ಕೆ ಹೇಗೂ ಬೇಕಾಗಿದ್ದ ಕೆಲಸ. ಕೂಟ ಅದಕ್ಕೆ ಗಡುವು ಕೊಟ್ಟಿತು, ಅಷ್ಟೇ.

ಹುಬ್ಬಳ್ಳಿ-ಧಾರವಾಡಕ್ಕೆ ಅಂಥದೊಂದು ಕೂಟ ಬರಲೆಂಬ ಆಸೆ ನನಗೂ ಇದೆ. ಈ ಅವಳಿ ನಗರಕ್ಕೆ ಮಲಪ್ರಭೆಯ ನೀರು ಶುದ್ಧಗೊಂಡು ಹೋಗುವುದು ನಮ್ಮೂರಿನಿಂದಲೇ. ವಾರಕ್ಕೊಮ್ಮೆ ನೀರು ಬರುತ್ತಿದ್ದ ದಿನಗಳಲ್ಲಿ ಅಲ್ಲಿನ ತಾಯಂದಿರು ಕೊಡ ಹಿಡಿದು ಕಾದದ್ದನ್ನು ನಾನು ಕಂಡಿದ್ದೇನೆ. ಕೂಟದ ಹೆಸರಿನಲ್ಲಿ ಹಣ ಬಂದರೆ ಮೊದಲ ಪಾಲು ಆ ಕೊಳವೆಗಳಿಗೆ ಸಲ್ಲಲಿ, ಕ್ರೀಡಾಂಗಣದ ಛಾವಣಿಯ ಮಾತು ಆಮೇಲೆ ಎಂದು ಆ ಹುಡುಗನಿಗೆ ಬರೆದಿದ್ದೇನೆ.